ಸೇತುವೆಗೂ ಒಂದು ಎಫ್‌ಸಿ ಬೇಕು

ಮಾನ್ಯ ಲೋಕೋಪಯೋಗಿ ಸಚಿವರಿಗೆ ಮತ್ತು ಮಾನ್ಯ ಹಣಕಾಸು ಸಚಿವರಿಗೆ,

ನಮಸ್ಕಾರ.

ಒಂದೇ ಪತ್ರವನ್ನು ಇಬ್ಬರಿಗೂ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಇದು ಒಬ್ಬರ ಟೇಬಲ್ಲಿನಿಂದ ಇನ್ನೊಬ್ಬರ ಟೇಬಲ್ಲಿಗೆ ಓಡಾಡುತ್ತಲೇ ಸವೆದುಹೋಗುತ್ತದೆ ಎಂಬ ಹೆದರಿಕೆ ನನಗೆ. ಹೇಳಬೇಕಾಗಿರುವುದು ಹಳೆಯ ಸೇತುವೆಗಳ ವಿಷಯ. ಅವುಗಳ ಮೈ ಒಬ್ಬರ ಖಾತೆಯಲ್ಲಿದೆ, ಔಷಧಿಯ ದುಡ್ಡು ಇನ್ನೊಬ್ಬರ ಖಾತೆಯಲ್ಲಿದೆ.

ನಾನು ಎಂಜಿನಿಯರ್ ಅಲ್ಲ. ಅಂಕೋಲೆಯ ಕಡೆಯವನು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಸೇತುವೆಯ ಬಗ್ಗೆ ಮಾತಾಡಲು ನನಗಿರುವ ಅರ್ಹತೆ ಎಂದರೆ ನನ್ನಪ್ಪ. ಅವನು ರಸ್ತೆ ಗ್ಯಾಂಗಿನಲ್ಲಿದ್ದ. ನಮ್ಮೂರ ಹಳ್ಳದ ಸೇತುವೆ ಅವನ ಪಾಲಿಗೆ ಬಂದ ರಸ್ತೆಯಲ್ಲಿತ್ತು.

ಮೊದಲು ಕಾಳಿ ಹೊಳೆಯ ಮಾತು. 2024ರ ಆಗಸ್ಟ್ 7ರ ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆಯ ಸೇತುವೆ ಕುಸಿಯಿತು. ಗೋವಾ ಕಡೆಯಿಂದ ಬರುತ್ತಿದ್ದ ಒಂದು ಲಾರಿ ಹೊಳೆಗೆ ಬಿತ್ತು. ಚಾಲಕ ಹೇಗೋ ಕ್ಯಾಬಿನ್ನಿನ ಮೇಲೆ ಹತ್ತಿ ಕುಳಿತಿದ್ದ. ಪೊಲೀಸರೂ ಮೀನುಗಾರರೂ ಸೇರಿ ದೋಣಿಯಲ್ಲಿ ಅವನನ್ನು ದಡಕ್ಕೆ ತಂದರು. ಮಧ್ಯಾಹ್ನ ಒಂದಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಆ ಸೇತುವೆ ದಾಟಿ ದಿನವೂ ಕೆಲಸಕ್ಕೆ ಹೋಗುತ್ತಿದ್ದ ಯಾರನ್ನು ಕೇಳಿದರೂ ಹೇಳುತ್ತಾರೆ. ಅದು ಬ್ರಿಟಿಷರ ಕಾಲದ್ದೇನೂ ಅಲ್ಲ. ಅದಕ್ಕಿಂತ ಮುಂಚೆ ತಾರಿಯಲ್ಲಿ ದಾಟಿದ ನೆನಪು ನನ್ನ ವಯಸ್ಸಿನ ಎಲ್ಲರಿಗೂ ಇದೆ. ನಲವತ್ತು ವರ್ಷದ ಸೇತುವೆ ಅದು. ಮನುಷ್ಯನಿಗಾದರೆ ಚಾಳೀಸು ಬರುವ ವಯಸ್ಸು.

ಅದಾಗಿ ಮೂರೇ ದಿನಕ್ಕೆ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಕೊಂಡು ಹೋಯಿತು. ರಾಜ್ಯದ ಕಣ್ಣೆಲ್ಲ ಹೊಸಪೇಟೆಯ ಕಡೆ ತಿರುಗಿತು. ತಿರುಗಬೇಕಾದ್ದೇ. ಆದರೆ ಅಣೆಕಟ್ಟೆಗೆ ಇಂದು ಒಂದು ಕಾನೂನಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ಮಳೆಗಾಲಕ್ಕೆ ಮೊದಲು ಒಂದು ಸಲ, ಮಳೆಗಾಲ ಕಳೆದ ಮೇಲೆ ಒಂದು ಸಲ ತಪಾಸಣೆ ಆಗಲೇಬೇಕು. ಸೇತುವೆಗೆ ಅಂಥ ಕಾಯ್ದೆ ಇಲ್ಲ. ರಸ್ತೆ, ಸೇತುವೆಗಳ ಮಾನದಂಡ ರೂಪಿಸುವ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಇದೆ, ಅದೂ ಒಳ್ಳೆಯದೇ ಇದೆ. ಆದರೆ ಮಾರ್ಗಸೂಚಿಯನ್ನು ಪಾಲಿಸದಿದ್ದರೆ ಯಾರನ್ನೂ ಕೇಳುವಂತಿಲ್ಲ.

ನಮ್ಮೂರಿಗೆ ಬರುವ ಬಸ್ಸನ್ನೇ ನೋಡಿ. ಎಂಟು ವರ್ಷದೊಳಗಿನದಾದರೆ ಎರಡು ವರ್ಷಕ್ಕೊಮ್ಮೆ, ಹಳೆಯದಾದರೆ ಪ್ರತಿ ವರ್ಷ ಅದಕ್ಕೆ ಎಫ್‌ಸಿ, ಎಂದರೆ ಓಡಲು ಯೋಗ್ಯವಾಗಿದೆಯೆಂಬ ಫಿಟ್ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ಎಫ್‌ಸಿ ಇಲ್ಲದೆ ರಸ್ತೆಗಿಳಿದರೆ ಆರ್‌ಟಿಓ ಹಿಡಿಯುತ್ತಾರೆ. ಆ ಬಸ್ಸು ದಿನಕ್ಕೆ ಆರು ಸಲ ದಾಟುವ ಸೇತುವೆಗೆ ಎಫ್‌ಸಿ ಎಲ್ಲಿದೆ?

ಈಗ ಅಪ್ಪನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ವಾದವೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಮೇ ತಿಂಗಳ ಕೊನೆಗೆ ಅಪ್ಪ ಒಂದು ಹಾರೆ, ಒಂದು ಕತ್ತಿ, ಒಂದು ತಗಡಿನ ಬುಟ್ಟಿ ಹಿಡಿದು ಸೇತುವೆಗೆ ಹೋಗುತ್ತಿದ್ದ. ಅಂಚಿನಲ್ಲಿ ನೀರು ಕೆಳಗಿಳಿಯಲು ಬಿಟ್ಟ ತೂತುಗಳಲ್ಲಿ ಕಟ್ಟಿಕೊಂಡ ಮಣ್ಣನ್ನು ಹಾರೆಯಿಂದ ಕುಟ್ಟಿ ತೆಗೆಯುತ್ತಿದ್ದ. ಎರಡು ಹಾಸುಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡ ಜಲ್ಲಿಕಲ್ಲುಗಳನ್ನು ಕೆದಕಿ ತೆಗೆಯುತ್ತಿದ್ದ. ಕಂಬದ ತಲೆಯ ಹತ್ತಿರ ಹುಟ್ಟಿದ ಅಶ್ವತ್ಥದ ಸಸಿಗಳನ್ನು ಬೇರು ಸಮೇತ ಕೀಳುತ್ತಿದ್ದ. ಅಶ್ವತ್ಥವಾದ್ದರಿಂದ ಎಸೆಯಲು ಮನಸ್ಸು ಬಾರದೆ ತಂದು ದೇವಸ್ಥಾನದ ಹಿಂದೆ ನೆಡುತ್ತಿದ್ದ. ಈಗ ಅಲ್ಲಿ ನಿಂತಿರುವ ದೊಡ್ಡ ಮರ ಸೇತುವೆಯಿಂದ ಬಂದದ್ದೇ. ಎರಡು ದಿನದ ಕೆಲಸ ಅಷ್ಟೇ. ಅದಕ್ಕೆ ಟೆಂಡರ್ ಇರಲಿಲ್ಲ, ಅಂದಾಜುಪಟ್ಟಿ ಇರಲಿಲ್ಲ. ಅಪ್ಪ ನಿವೃತ್ತನಾದ, ಅವನ ಜಾಗಕ್ಕೆ ಯಾರೂ ಬರಲಿಲ್ಲ.

ಆ ತೂತಿಗೂ ಸಂದಿಗೂ ಯಾಕೆ ಅಷ್ಟು ಮಹತ್ವ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಗರ್ಡರ್, ಎಂದರೆ ಸೇತುವೆಯ ಹಾಸನ್ನು ಹೊರುವ ತೊಲೆ, ನೇರವಾಗಿ ಕಂಬದ ಮೇಲೆ ಕೂತಿರುವುದಿಲ್ಲ. ನಡುವೆ ಬೇರಿಂಗ್ ಇರುತ್ತದೆ, ರಬ್ಬರಿನದೋ ಉಕ್ಕಿನದೋ. ಬಿಸಿಲಿಗೆ ಸೇತುವೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಆ ಓಲಾಟಕ್ಕೆ ಜಾಗ ಕೊಡುವುದು ಬೇರಿಂಗ್ ಮತ್ತು ಸಂದಿ. ಸಂದಿಯಲ್ಲಿ ಕಲ್ಲು ತುಂಬಿದರೆ ಹಿಗ್ಗಲು ಜಾಗವಿಲ್ಲ. ಸಂದಿ ಹರಿದರೆ ಮಳೆನೀರೆಲ್ಲ ಬೇರಿಂಗಿನ ಮೇಲೆ, ಕಂಬದ ತಲೆಯ ಮೇಲೆ. ನಮ್ಮ ಕರಾವಳಿಯಲ್ಲಿ ಆ ನೀರಿಗೆ ಉಪ್ಪೂ ಸೇರುತ್ತದೆ. ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣವನ್ನು ಮುಟ್ಟಿತೆಂದರೆ ಕಬ್ಬಿಣ ತುಕ್ಕಾಗಿ ಉಬ್ಬುತ್ತದೆ, ಉಬ್ಬಿ ಮೇಲಿನ ಕಾಂಕ್ರೀಟನ್ನು ಒಡೆದು ಹೊರಹಾಕುತ್ತದೆ. ಸೇತುವೆಯ ಕೆಳಗೆ ದೋಣಿಯಲ್ಲಿ ಹೋಗುವವರಿಗೆ ಕಬ್ಬಿಣದ ಸರಳು ಪಕ್ಕೆಲುಬಿನ ಹಾಗೆ ಕಾಣುತ್ತದೆ. ಮೇಲೆ ಕಾರಿನಲ್ಲಿ ಹೋಗುವವರಿಗೆ ಕಾಣುವುದು ನುಣ್ಣನೆಯ ಡಾಂಬರು.

ಆ ಡಾಂಬರಿಗೂ ಲೆಕ್ಕದ ಪುಸ್ತಕಕ್ಕೂ ಸಂಬಂಧವಿದೆ. ಬಜೆಟ್ಟಿನಲ್ಲಿ 5054 ಎಂಬ ಲೆಕ್ಕ ಶೀರ್ಷಿಕೆ ಹೊಸದಾಗಿ ಕಟ್ಟುವುದಕ್ಕೆ, 3054 ಇದ್ದದ್ದನ್ನು ನೋಡಿಕೊಳ್ಳುವುದಕ್ಕೆ. ಎರಡರ ಹೆಸರೂ ‘ರಸ್ತೆಗಳು ಮತ್ತು ಸೇತುವೆಗಳು’. ಆ ‘ಮತ್ತು’ ಎಂಬ ಪದದ ಮೇಲೆಯೇ ನನ್ನ ತಕರಾರು. ಒಂದೇ ತಟ್ಟೆಯಲ್ಲಿ ಇಬ್ಬರಿಗೆ ಬಡಿಸಿದರೆ ಗದ್ದಲ ಮಾಡುವವನ ಹೊಟ್ಟೆ ತುಂಬುತ್ತದೆ. ರಸ್ತೆ ಗದ್ದಲ ಮಾಡುತ್ತದೆ: ಗುಂಡಿ ಬಿದ್ದ ಮರುದಿನವೇ ಅದರಲ್ಲಿ ಬಾಳೆಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ, ಶಾಸಕರಿಗೆ ಫೋನು ಮಾಡುತ್ತೇವೆ. ಬೇರಿಂಗ್ ಕೆಟ್ಟಿತೆಂದು ಯಾರೂ ಯಾರಿಗೂ ಫೋನು ಮಾಡಿದ್ದಿಲ್ಲ. ಹಾಗಾಗಿ ನಿರ್ವಹಣೆಯ ದುಡ್ಡು ಬಂದಾಗ ಡಾಂಬರಾಗಿ ಬರುತ್ತದೆ, ರಸ್ತೆಯ ಜೊತೆಗೆ ಸೇತುವೆಯ ಮೇಲೂ ಹಾಸಿಕೊಂಡು ಹೋಗುತ್ತದೆ.

ಇಲ್ಲಿ ಮಾಸ್ತರಿಕೆ ಮಾಡಲು ಅಪ್ಪಣೆ ಕೊಡಿ. ಎರಡು ಕಂಬಗಳ ನಡುವಿನ 30 ಮೀಟರಿನ ಒಂದು ಅಂಕಣ, 7.5 ಮೀಟರ್ ಅಗಲ, 4 ಸೆಂಟಿಮೀಟರ್ ದಪ್ಪದ ಹೊಸ ಡಾಂಬರು. ಗುಣಿಸಿದರೆ 9 ಘನ ಮೀಟರ್. ಒಂದು ಘನ ಮೀಟರಿಗೆ ಸುಮಾರು 2.3 ಟನ್. ಅಲ್ಲಿಗೆ 20 ಟನ್ನಿಗೂ ಮೇಲಾಯಿತು. ಆರು ಗಾಲಿಯ ಲಾರಿ ಸರಕು ಸಮೇತ ತೂಗಬಹುದಾದ ಗರಿಷ್ಠ ಮಿತಿ 18.5 ಟನ್. ಎಂದರೆ ಹಳೆಯ ಪದರ ಕೆರೆದು ತೆಗೆಯದೆ ಒಂದು ಸಲ ಡಾಂಬರು ಹಾಕಿದರೆ, ಪ್ರತಿ ಅಂಕಣದ ಮೇಲೂ ಒಂದೊಂದು ತುಂಬಿದ ಲಾರಿಯನ್ನು ಶಾಶ್ವತವಾಗಿ ನಿಲ್ಲಿಸಿ ಬಂದ ಹಾಗೆ. ಮೂರು ಸಲ ಹಾಕಿದರೆ ಮೂರು ಲಾರಿ. ಜೊತೆಗೆ ಹಿಗ್ಗುವ ಸಂದಿಯೂ ಮುಚ್ಚಿತು, ನೀರಿನ ತೂತೂ ಮುಚ್ಚಿತು. ಸೇತುವೆಗೆಂದು ಬಂದ ಅಷ್ಟಿಷ್ಟು ದುಡ್ಡು ಅದರ ಬೆನ್ನಿನ ಮೇಲೆ ಹೊರೆಯಾಗಿ ಕೂತಿತು.

ಇನ್ನು ಮೇಲೆ ಓಡಾಡುವ ಲಾರಿಗಳು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಭಾರದ ಮಿತಿಯನ್ನೇ ಏರಿಸಿತು. ನಾಲ್ಕು ಗಾಲಿಯ ಒಂದು ಆಕ್ಸೆಲ್ 10.2 ಟನ್ ಹೊರಬಹುದಾಗಿದ್ದದ್ದು 11.5 ಆಯಿತು. ನಾನು ಈಗಷ್ಟೇ ಹೇಳಿದ 18.5 ಅದಕ್ಕೆ ಮುಂಚೆ 16.2 ಇತ್ತು. ಕಾಗದದ ಮೇಲೆ ಮಿತಿ ಏರಿತು, ಐವತ್ತು ವರ್ಷದ ಹಿಂದೆ ಕಟ್ಟಿದ ಗರ್ಡರಿಗೆ ಆ ಸುತ್ತೋಲೆ ತಲುಪಲಿಲ್ಲ. ಇದು ಕಾನೂನುಬದ್ಧ ಭಾರ. ಕಾನೂನು ಮೀರಿದ್ದನ್ನು ನಮ್ಮ ಅಂಕೋಲೆಯವರು ಕಣ್ಣಾರೆ ಕಂಡಿದ್ದೇವೆ. ಬಳ್ಳಾರಿಯ ಅದಿರು ಬೇಲೇಕೇರಿ ಬಂದರಿಗೆ ಹರಿದು ಬರುತ್ತಿದ್ದ ವರ್ಷಗಳಲ್ಲಿ ನನ್ನ ಕ್ಲಾಸಿನ ಹುಡುಗರಿಗೆ ಸರಾಸರಿ ಕಲಿಸಲು ಲಾರಿ ಎಣಿಸಲು ಹೇಳುತ್ತಿದ್ದೆ. ಎಣಿಸಿ ಸುಸ್ತಾಗಿ ಬಿಟ್ಟುಬಿಡುತ್ತಿದ್ದರು. ಆ ಲಾರಿಗಳ ಮಿತಿಮೀರಿದ ಭಾರದ ವಿಷಯ 2011ರ ಲೋಕಾಯುಕ್ತ ವರದಿಯಲ್ಲೂ ದಾಖಲಾಗಿದೆ. ಅದಿರಿನ ದುಡ್ಡಿನ ಲೆಕ್ಕ ಕೋರ್ಟಿನವರೆಗೂ ಹೋಯಿತು. ಅದನ್ನು ಹೊತ್ತ ಸೇತುವೆ, ಮೋರಿಗಳ ಬೆನ್ನು ಎಷ್ಟು ಬಾಗಿತೆಂಬ ಲೆಕ್ಕವನ್ನು ಮಾತ್ರ ಯಾರೂ ಹಾಕಿದ್ದು ನನಗೆ ತಿಳಿದಿಲ್ಲ.

ಭಾರ ಮೇಲಿನಿಂದ, ಮರಳು ಕೆಳಗಿನಿಂದ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ಣದ ಸೇತುವೆ ಫಲ್ಗುಣಿಗೆ ಬಿತ್ತು. ಮೂರು ವರ್ಷದ ಮೇಲೆ ಅದೇ ಹೊಳೆಯ ಮರವೂರಿನಲ್ಲಿ, ಮಂಗಳೂರಿನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯ ಸೇತುವೆಯ ಕಂಬ ಕುಸಿದು ಹಾಸು ತಗ್ಗಾಯಿತು. ಎರಡು ಕಡೆಯೂ ಜನ ಬೊಟ್ಟು ಮಾಡಿದ್ದು ಮರಳುಗಾರಿಕೆಯತ್ತ. ಹೊಳೆಯ ತಳದ ಮರಳು ಕಂಬದ ಬುಡವನ್ನು ಕಚ್ಚಿ ಹಿಡಿದಿರುತ್ತದೆ. ಅದನ್ನು ಬಗೆದು ಮಾರಿದರೆ, ಉಳಿದದ್ದನ್ನು ಮಳೆಗಾಲದ ಸೆಳವು ಒಯ್ಯುತ್ತದೆ. ಸೇತುವೆಯ ಹತ್ತಿರ ಮರಳು ತೆಗೆಯಬಾರದೆಂಬ ನಿಯಮ ಇದ್ದೇ ಇದೆ. ನೀರೊಳಗಿನ ಬುಡವನ್ನು ನೋಡಲು ಮುಳುಗುಗಾರರು ಬೇಕು, ಸಲಕರಣೆ ಬೇಕು, ಅದಕ್ಕೆ ದುಡ್ಡು ಬೇಕು. ನಮ್ಮ ಹೊಳೆಗಳಲ್ಲಿ ಮುಳುಗಿ ಬೆಳಚು ಎಂಬ ಚಿಪ್ಪುಮೀನು ಹೆಕ್ಕುವವರನ್ನು ಕೇಳಿದರೂ ಯಾವ ಕಂಬದ ಬುಡ ಎಷ್ಟು ಬರಿದಾಗಿದೆ ಎಂದು ಕೈಯಳತೆಯಲ್ಲಿ ಹೇಳಿಯಾರು. ಮರವೂರಿನ ಸೇತುವೆಯನ್ನು ಜ್ಯಾಕ್ ಕೊಟ್ಟು ಎತ್ತಿ ಸರಿಮಾಡಿದರು ಎಂಬುದನ್ನೂ ಹೇಳಬೇಕು. ಹಳೆಯ ಸೇತುವೆಗೆ ಚಿಕಿತ್ಸೆಯೇ ಇಲ್ಲವೆಂದೇನಲ್ಲ.

ಚಿಕಿತ್ಸೆಗೆ ಸಿಗದ ದುಡ್ಡು ತಿಥಿಗೆ ಸಿಗುತ್ತದೆ. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡದ ಬಳಿ ಸಾವಿತ್ರಿ ನದಿಯ ಮೇಲಿದ್ದ ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆ ಪ್ರವಾಹಕ್ಕೆ ಹೋಯಿತು, ಎರಡು ಎಸ್‌ಟಿ ಬಸ್ಸುಗಳು ಜನರ ಸಮೇತ ಹೋದವು. ನಮ್ಮ ಕಾರವಾರದ ಮೇಲೆ ಹಾದುಹೋಗುವ ಅದೇ ಹೆದ್ದಾರಿ, ಈಗಿನ 66. ಅದೇ ವರ್ಷದ ಮೇ ತಿಂಗಳಲ್ಲಿ ತಪಾಸಣೆ ನಡೆದು ಅಪಾಯವಿಲ್ಲವೆಂದು ಬರೆದಾಗಿತ್ತು ಎಂದು ಅಂದಿನ ಅಲ್ಲಿನ ಸರ್ಕಾರವೇ ಹೇಳಿತು. ಆಮೇಲೆ ಹೊಸ ಸೇತುವೆ ಎದ್ದದ್ದು 165 ದಿನಗಳಲ್ಲಿ. ಕಟ್ಟಿದವರ ಶ್ರಮಕ್ಕೆ ಕೈಮುಗಿಯುತ್ತೇನೆ. ಆದರೆ ಆ 165 ದಿನಗಳು ಮೊದಲೇ ಯಾಕೆ ಸಿಗಲಿಲ್ಲ? 2025ರ ಜುಲೈ 9ರಂದು ಗುಜರಾತಿನ ಗಂಭೀರಾ ಸೇತುವೆ ಮುರಿಯಿತು. 1985ರ ಸೇತುವೆ, ಕಾಳಿಯದರ ಓರಗೆಯದೇ. ಹೊಸದಕ್ಕೆ ಒಪ್ಪಿಗೆ ಸಿಕ್ಕಾಗಿತ್ತು, ಹಳೆಯದರ ಮೇಲೆ ಲಾರಿಗಳು ಓಡುತ್ತಲೇ ಇದ್ದವು. ಮುರಿದ ತುದಿಯಲ್ಲಿ ಒಂದು ಟ್ಯಾಂಕರ್ ಅರ್ಧ ಹೊರಗೆ ಚಾಚಿಕೊಂಡು ಮೂರು ವಾರ ಮೀರಿ ಹಾಗೇ ನಿಂತಿತ್ತು. ಫೋಟೋ ನೀವೂ ನೋಡಿರುತ್ತೀರಿ.

ಸಾವಿತ್ರಿಯ ದುರಂತದ ಬೆನ್ನಿಗೇ, 2016ರ ಅಕ್ಟೋಬರಿನಲ್ಲಿ, ಕೇಂದ್ರ ಸರ್ಕಾರ ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆ ಎಂಬುದನ್ನು ಶುರುಮಾಡಿತು. ರಾಷ್ಟ್ರೀಯ ಹೆದ್ದಾರಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಸೇತುವೆ, ಮೋರಿಗಳನ್ನು ಎಣಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಸ್ಥಿತಿಗೆ ಅಂಕ ಹಾಕಿದರು. ಒಳ್ಳೆಯ ಕೆಲಸ. ಆದರೆ ನನ್ನಂಥವನಿಗೆ ನಮ್ಮ ಜಿಲ್ಲೆಯ ಒಂದು ಸೇತುವೆಯ ಅಂಕವೂ ಎಲ್ಲೂ ನೋಡಲು ಸಿಕ್ಕಿಲ್ಲ. ಅಮೆರಿಕದಲ್ಲಿ 1967ರ ಡಿಸೆಂಬರಿನಲ್ಲಿ ಓಹಾಯೋ ನದಿಯ ಸಿಲ್ವರ್ ಬ್ರಿಡ್ಜ್ ಬಿದ್ದು 46 ಮಂದಿ ಸತ್ತರು. ಅದರ ನಂತರ ಎರಡು ವರ್ಷಕ್ಕೊಮ್ಮೆ ತಪಾಸಣೆಯೆಂಬ ನಿಯಮ ಅಲ್ಲಿ ಕಾನೂನಾಯಿತು. ಪ್ರತಿ ಸೇತುವೆಯ ಅಂಕವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ನಾನು ಇಲ್ಲಿ ಕೂತು ಅಲ್ಲಿಯದನ್ನು ನೋಡಿದೆ, ಒಂದು ಸಂಜೆಯಿಡೀ. ಹಳ್ಳದಾಚೆಯ ನಮ್ಮದನ್ನು ನೋಡಲಾಗಲಿಲ್ಲ.

‘ಹೆದ್ದಾರಿ ನಮ್ಮದಲ್ಲ, ಕೇಂದ್ರದ್ದು’ ಎಂಬ ಉತ್ತರ ಬರುತ್ತದೆಂದು ಗೊತ್ತು. ಒಪ್ಪಿದೆ. ಮಂಗಳೂರಿನ ಕೂಳೂರಿನಲ್ಲಿ 1952ರ ಸೇತುವೆ ಇಂದಿಗೂ ಹೆದ್ದಾರಿಯ ಹೊರೆ ಹೊರುತ್ತಿರುವುದನ್ನು ದಿಲ್ಲಿಗೇ ಕೇಳೋಣ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಗಳ ಸೇತುವೆಗಳು ನಿಮ್ಮವಲ್ಲವೇ? ಹಳ್ಳಿ ರಸ್ತೆಯವು ಪಂಚಾಯತ್ ರಾಜ್ ಎಂಜಿನಿಯರಿಂಗಿನವರ ಪಾಲಿಗೆ, ಬ್ಯಾರೇಜಿನ ಮೇಲೆಯೇ ರಸ್ತೆ ಹಾಯಿಸಿದ್ದರೆ ಅದು ನೀರಾವರಿಯವರ ಪಾಲಿಗೆ. ಬ್ಯಾರೇಜಿನವರಿಗೆ ನೀರು ನಿಂತರೆ ಸಾಕು, ರಸ್ತೆಯವರಿಗೆ ಅದು ತಮ್ಮ ಪಟ್ಟಿಯಲ್ಲೇ ಇಲ್ಲ. ತುಂಗಭದ್ರೆಯಿಂದ ನೀರು ಬಿಟ್ಟಾಗಲೆಲ್ಲ ಕಂಪ್ಲಿಯ ಸೇತುವೆ ಮುಳುಗುತ್ತದೆ, ಘಟಪ್ರಭೆ ಉಕ್ಕಿದರೆ ಗೋಕಾಕದ ಲೋಳಸೂರ ಸೇತುವೆ ಮುಳುಗುತ್ತದೆ. ನೀರು ಇಳಿದ ಮೇಲೆ ಕೆಸರು ಬಳಿದು ಬ್ಯಾರಿಕೇಡ್ ಸರಿಸುವುದಕ್ಕೂ, ಬುಡದಲ್ಲಿ ಏನಾಗಿದೆಯೆಂದು ನೋಡಿ ಬಿಡುವುದಕ್ಕೂ ವ್ಯತ್ಯಾಸವಿದೆ.

ಈ ಮಾತು ಎತ್ತಿದಾಗೆಲ್ಲ ಯಾರಾದರೊಬ್ಬರು ‘ಹಿಂದಿನವರು ಕಟ್ಟಿದ್ದು ನೋಡಿ, ಇನ್ನೂ ಹೇಗೆ ನಿಂತಿದೆ’ ಎನ್ನುತ್ತಾರೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ನಿಂತಿದೆ, ನಿಜ. ಕಲ್ಲುಕಂಬದ ಆ ಸೇತುವೆಯ ಮೇಲೆ ಅದಿರು ಲಾರಿ ಹೋಗಿಲ್ಲ ಎಂಬುದೂ ನಿಜ. ಶಿವನಸಮುದ್ರದ ಹಳೆಯ ಕಲ್ಲು ಸೇತುವೆಯ ಒಂದು ಭಾಗ 2018ರ ಆಗಸ್ಟಿನ ಕಾವೇರಿ ಪ್ರವಾಹದಲ್ಲಿ ಹೋಯಿತು. ಕಲ್ಲಿಗೂ ಆರೈಕೆ ಬೇಕು.

ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ದುರಸ್ತಿಗೆಂದು ಹದಿನೈದು ದಿನ ಸೇತುವೆ ಮುಚ್ಚಿದರೆ ರಸ್ತೆ ತಡೆಯುವವರು ನಾವೇ. ಭಾರಿ ವಾಹನ ಬಾರದಂತೆ ಕಬ್ಬಿಣದ ಕಮಾನು ನೆಟ್ಟರೆ ಮೂರನೇ ದಿನಕ್ಕೆ ಅದನ್ನು ಬಗ್ಗಿಸುವವರೂ ನಮ್ಮವರೇ. ಅಧಿಕಾರಿಯೊಬ್ಬರು ಧೈರ್ಯ ಮಾಡಿ ‘ಇದರ ಮೇಲೆ ಲಾರಿ ಬೇಡ’ ಎಂದರೆ ಅವರ ಬೆನ್ನಿಗೆ ಯಾರೂ ನಿಲ್ಲುವುದಿಲ್ಲ.

ಈಗ ಬೇಡಿಕೆ. ಹಣಕಾಸು ಸಚಿವರಲ್ಲಿ: 3054ರ ಒಳಗೆ ಸೇತುವೆಗಳ ಆರೈಕೆಗೇ ಒಂದು ಉಪಶೀರ್ಷಿಕೆ ತೆರೆಯಿರಿ. ಅದರ ಒಂದು ರೂಪಾಯಿಯೂ ಡಾಂಬರಿಗೆ ತಿರುಗಬಾರದು, ಮಾರ್ಚ್ 31ಕ್ಕೆ ಉಳಿದರೆ ಮುಂದಿನ ವರ್ಷ ಮತ್ತೆ ಸೇತುವೆಗೇ ಬರಬೇಕು. ಇದೇನೂ ಕೇಳರಿಯದ ಮಾತಲ್ಲ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಹೇಳುವ ಹಣಕಾಸು ಆಯೋಗಗಳಲ್ಲಿ 12ನೆಯದು ರಸ್ತೆ, ಸೇತುವೆಗಳ ನಿರ್ವಹಣೆಗೆಂದೇ ಎಲ್ಲ ರಾಜ್ಯಗಳಿಗೆ ಸೇರಿ 15,000 ಕೋಟಿ ರೂಪಾಯಿ ಹೇಳಿತ್ತು, 13ನೆಯದು 19,930 ಕೋಟಿ. 14ನೆಯದು ರಾಜ್ಯಗಳ ತೆರಿಗೆ ಪಾಲನ್ನು ಶೇ 42ಕ್ಕೆ ಏರಿಸಿ, ಇಂಥ ಪ್ರತ್ಯೇಕ ಅನುದಾನ ನಿಲ್ಲಿಸಿತು. ಎಂದರೆ ಆ ಹೊಣೆ ಪಾಲಿನ ಜೊತೆಗೇ ನಿಮ್ಮ ಮನೆಗೆ ಬಂದಿದೆ. ಪೆಟ್ರೋಲು, ಡೀಸೆಲ್ಲಿನ ಮೇಲೆ ರಸ್ತೆಯ ಹೆಸರಿನಲ್ಲಿ ವಸೂಲಾಗುವ ಸೆಸ್ ಇದೆ. 2018ರ ತಿದ್ದುಪಡಿಯಿಂದ ಅದನ್ನು ಬೇರೆ ಮೂಲಸೌಕರ್ಯಕ್ಕೂ ಹಂಚಬಹುದಾಗಿದೆ. ಅದರಲ್ಲಿ ಹಳೆಯ ಸೇತುವೆಗಳ ಪಾಲು ಎಷ್ಟೆಂದು ದಿಲ್ಲಿಯನ್ನು ಕೇಳುವವರು ನೀವೇ.

ಲೋಕೋಪಯೋಗಿ ಸಚಿವರಲ್ಲಿ: ಪ್ರತಿ ಸೇತುವೆಯ ಎರಡೂ ತುದಿಗೆ ಒಂದು ಫಲಕ ಹಾಕಿಸಿ. ಕಟ್ಟಿದ ವರ್ಷ, ಹೊರಬಲ್ಲ ಭಾರ, ಕೊನೆಯ ತಪಾಸಣೆಯ ದಿನ, ಮುಂದಿನ ತಪಾಸಣೆಯ ದಿನ, ಯಾವ ಇಲಾಖೆಯದು ಎಂಬ ಐದು ಸಾಲು ಸಾಕು. ತಪಾಸಣಾ ವರದಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರಲಿ. ಹಳೆಯ ಪದರ ಕೆರೆಯದೆ ಸೇತುವೆಯ ಮೇಲೆ ಡಾಂಬರು ಹಾಕುವುದನ್ನು ಇಂದೇ ನಿಲ್ಲಿಸಿ; ಅದಕ್ಕೆ ಬಜೆಟ್ ಬೇಡ, ಒಂದು ಸುತ್ತೋಲೆ ಸಾಕು. ಹಾರೆ ಹಿಡಿದು ಮೇ ತಿಂಗಳಲ್ಲಿ ಹೋಗುವ ಒಬ್ಬ ಮನುಷ್ಯನನ್ನು ಮತ್ತೆ ನೇಮಿಸಿ. ಬೇರಿಂಗ್ ಬದಲಿಸುವ ಕೆಲಸಕ್ಕೂ ಗುದ್ದಲಿಪೂಜೆ ಆಗಬೇಕೆಂದಿದ್ದರೆ ಮಾಡೋಣ, ಹೂವಿನ ಹಾರ ನಾವೇ ತರುತ್ತೇವೆ.

ಕೊನೆಯದು ನನ್ನ ಸ್ವಂತದ್ದು. ನಮ್ಮ ಹಳ್ಳದ ಸೇತುವೆಯ ಎರಡನೇ ಕಂಬದ ತಲೆಯಲ್ಲಿ ಒಂದು ಅಶ್ವತ್ಥ ಹುಟ್ಟಿದೆ. ಎರಡು ವರ್ಷದ ಹಿಂದೆ ಪೆನ್ಸಿಲಿನಷ್ಟಿತ್ತು, ಈಗ ನನ್ನ ಮುಂಗೈ ದಪ್ಪ. ಬೇರು ಸಂದಿಯೊಳಗೆ ಇಳಿದಿದೆ. ಕೀಳಿಸಿ ಎಂದು ಒಂದು ಕಚೇರಿಗೆ ಅರ್ಜಿ ಕೊಟ್ಟೆ, ಆ ಸೇತುವೆ ತಮ್ಮದಲ್ಲ ಎಂದರು. ಅವರು ಹೇಳಿದ ಇನ್ನೊಂದು ಕಚೇರಿಗೆ ಹೋದೆ, ಅವರೂ ತಮ್ಮದಲ್ಲ ಎಂದರು. ಅಪ್ಪನ ಹಾರೆ ಇನ್ನೂ ಅಟ್ಟದ ಮೇಲಿದೆ. ಎಪ್ಪತ್ತು ದಾಟಿದ ನನಗೆ ಕಂಬ ಹತ್ತಲಾಗದು, ಆದರೆ ಊರಲ್ಲಿ ಹುಡುಗರಿದ್ದಾರೆ. ಸರ್ಕಾರದ ಸೇತುವೆಗೆ ಹೇಳದೆ ಕೇಳದೆ ಹಾರೆ ಹಾಕಿದರೆ ಅವರ ಮೇಲೆ ಕೇಸಾದೀತೆಂದು ತಡೆದಿದ್ದೇನೆ. ಮುಂದಿನ ಮಳೆಗಾಲದೊಳಗೆ, ಅನುಮತಿ ಯಾರ ಹತ್ತಿರ ಕೇಳಬೇಕೆಂದು ಇಬ್ಬರಲ್ಲಿ ಒಬ್ಬರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಮಾಸ್ತರ,
ಅಂಕೋಲಾ ತಾಲೂಕು, ಉತ್ತರ ಕನ್ನಡ